ರಾಗ ಕೈಯಾಗ ಐತಿ

ಮಕ್ಕಳೇ, ಅಥಣಿ ತಾಲೂಕಿನ ಕೊಕಟನೂರಿನಲ್ಲಿ ಯಲ್ಲಮ್ಮನ ಜಾತ್ರೆ ನಡೆದಿದೆ ಎಂದುಕೊಳ್ಳಿ. ಟ್ರ್ಯಾಕ್ಟರುಗಳ ತುಂಬ ಜನ ಬಂದು ಇಳಿಯುತ್ತಿದ್ದಾರೆ. ಎಲ್ಲರ ಹಣೆಯ ಮೇಲೂ ಭಂಡಾರ. ಒಂದು ಕಡೆ ಬೆಂಡು ಬತ್ತಾಸು, ಒಂದು ಕಡೆ ಚುರುಮುರಿ, ಒಂದು ಕಡೆ ಬಳೆಯ ಸಾಲು. ‘ಉಧೋ ಉಧೋ’ ಎಂಬ ಕೂಗು ಈ ತುದಿಯಲ್ಲಿ ಎದ್ದು ಆ ತುದಿಗೆ ಹಾಯುತ್ತಿದೆ. ಅಷ್ಟು ಗದ್ದಲದಲ್ಲೂ ಒಂದು ದನಿ ಬೇರೆಯಾಗಿ ಕೇಳುತ್ತದೆ. ಡುಂವ್, ಡುಂಯ್‌ವ್, ಡಿಂವ್! ಅದರಲ್ಲಿ ಡೊಳ್ಳಿನಂತೆ ಬಡಿತವೂ ಇದೆ, ಹಾಡುವವರ ಗಂಟಲಿನಂತೆ ಏರಿಳಿತವೂ ಇದೆ.

ದನಿಯ ಜಾಡು ಹಿಡಿದು ಹೋದರೆ ಬೇವಿನ ಮರದ ನೆರಳಲ್ಲಿ ಒಬ್ಬ ಅಜ್ಜಿ ಕುಳಿತಿದ್ದಾರೆ. ಅವರ ಕಂಕುಳಲ್ಲಿ ಸಣ್ಣ ಕೊಳಗದಂಥ ಒಂದು ವಾದ್ಯವಿದೆ. ಅದರಿಂದ ಒಂದು ತಂತಿ ಹೊರಟು ಅವರ ಎಡಗೈಗೆ ಬಂದಿದೆ. ಬಲಗೈ ಅದನ್ನು ಮೀಟುತ್ತಿದೆ. ನಿಮ್ಮಲ್ಲಿ ಒಬ್ಬಳು ಧೈರ್ಯ ಮಾಡಿ ಕೇಳುತ್ತಾಳೆ:

‘ಆಯಿ, ಇದಕ್ಕ ಎಷ್ಟ ತಂತಿ ಅದಾವ?’

‘ಒಂದ ಐತವ್ವಾ.’

‘ಒಂದ ತಂತ್ಯಾಗ ಇಷ್ಟೆಲ್ಲಾ ರಾಗ ಹೆಂಗ ಬರತೈತಿ?’

ಅಜ್ಜಿ ನಗುತ್ತ ಎಡಗೈ ಎತ್ತಿ ತೋರಿಸುತ್ತಾರೆ. ‘ರಾಗ ತಂತ್ಯಾಗ ಇಲ್ಲ ತಂಗಿ, ಕೈಯಾಗ ಐತಿ.’

ಈ ಒಂದು ಮಾತಿನಲ್ಲಿ ವಿಜ್ಞಾನದ ಇಡೀ ಪಾಠವೊಂದು ಅಡಗಿದೆ. ಬನ್ನಿ, ಬಿಡಿಸಿ ನೋಡೋಣ.

ಚೌಡಕಿ ಹೇಗಿರುತ್ತದೆ?

ಅಜ್ಜಿಯ ವಾದ್ಯದ ಹೆಸರು ಚೌಡಕಿ. ಪುಸ್ತಕದಲ್ಲಿ ಚೌಡಿಕೆ ಎಂದು ಬರೆಯುತ್ತಾರೆ. ನಿಪ್ಪಾಣಿ, ಚಿಕ್ಕೋಡಿ, ಕಾಗವಾಡದ ಕಡೆ ಕನ್ನಡ ಮರಾಠಿ ಎರಡೂ ಒಂದೇ ಓಣಿಯಲ್ಲಿ ಆಡಿಕೊಂಡಿರುತ್ತವೆಯಲ್ಲ, ಮರಾಠಿ ಮನೆಯವರು ಇದನ್ನೇ ಚೌಂಡಕೆ ಎನ್ನುತ್ತಾರೆ. ಯಲ್ಲಮ್ಮನ ಹಾಡು ಹೇಳುವ ಜೋಗತಿಯರು, ಜೋಗಪ್ಪಗಳು ಇದನ್ನು ನುಡಿಸುತ್ತ ಬಂದಿದ್ದಾರೆ.

ಇದರಲ್ಲಿರುವುದು ಮೂರೇ ಭಾಗ. ಒಳಗೆ ಟೊಳ್ಳು ಮಾಡಿದ ಮರದ ಕೊಳವೆ ಒಂದು. ಅದರ ಒಂದು ಬಾಯಿಗೆ ಬಿಗಿದ ಚರ್ಮ ಎರಡನೆಯದು. ಇನ್ನೊಂದು ಬಾಯಿ ತೆರೆದೇ ಇರುತ್ತದೆ. ಚರ್ಮದ ನಟ್ಟನಡುವೆ ಒಂದು ಸಣ್ಣ ತೂತು ಮಾಡಿ, ಅಲ್ಲಿಂದ ಹೊರಟ ತಂತಿಯನ್ನು ಕೊಳವೆಯ ಒಳಗಿಂದ ತೆರೆದ ಬಾಯಿಗೆ ತಂದಿರುತ್ತಾರೆ. ಇದು ಮೂರನೆಯದು. ತಂತಿಯ ತುದಿಗೆ ಒಂದು ಹಿಡಿಕೆ ಕಟ್ಟಿರುತ್ತಾರೆ. ಹಿಂದೆ ಈ ತಂತಿಯನ್ನು ಆಡಿನ ಕರುಳಿನಿಂದ ಹೊಸೆಯುತ್ತಿದ್ದರು.

ಸಿತಾರಿಗೆ ಇರುವ ಮೆಟ್ಟಿಲುಗಳು ಇದಕ್ಕಿಲ್ಲ. ತಂಬೂರಿಗೆ ಇರುವಂತೆ ತಿರುವಿ ಬಿಗಿ ಮಾಡುವ ಗೂಟವೂ ಇಲ್ಲ. ಹಾರ್ಮೋನಿಯಂನಲ್ಲಿ ಇರುವಂತೆ ಇದು ಸಾ, ಇದು ರಿ ಎಂದು ತೋರಿಸುವ ಮನೆಗಳೂ ಇಲ್ಲ. ಇಷ್ಟು ಬರಿದಾದ ವಾದ್ಯ ಹಾಡುವುದು ಹೇಗೆ?

ಕಡ್ಡಿ ಬೀಸಿದರೆ ಗಾಳಿ ಬರುವುದೇ?

ನಾದ ಎಂದರೆ ನಡುಕ. ನಿಮ್ಮ ಗಂಟಲಿನ ಮೇಲೆ ಎರಡು ಬೆರಳಿಟ್ಟು ‘ಮ್‌ಮ್‌ಮ್’ ಎನ್ನಿ. ಬೆರಳಿಗೆ ನಡುಕ ತಾಗಿತಲ್ಲವೇ? ಆ ನಡುಕ ಗಾಳಿಯನ್ನು ತಳ್ಳುತ್ತದೆ, ಗಾಳಿ ಪಕ್ಕದ ಗಾಳಿಯನ್ನು ತಳ್ಳುತ್ತದೆ. ಹೀಗೆ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಅದು ಗೆಳತಿಯ ಕಿವಿ ತಲುಪುತ್ತದೆ. ಸೆಕೆಂಡಿಗೆ 20ರಿಂದ 20,000 ಸಲದವರೆಗಿನ ನಡುಕ ನಮ್ಮ ಕಿವಿಗೆ ಕೇಳುತ್ತದೆ.

ಈಗ ಒಂದು ದಾರವನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು, ಗೆಳತಿಗೆ ಅದನ್ನು ಮೀಟಲು ಹೇಳಿ. ದಾರ ನಡುಗುವುದು ಕಣ್ಣಿಗೆ ಕಾಣುತ್ತದೆ, ಆದರೆ ದನಿ ಕೇಳಿಯೂ ಕೇಳದಷ್ಟು. ಯಾಕೆ? ಬೇಸಿಗೆಯಲ್ಲಿ ಬೆವರು ಹರಿಯುವಾಗ ಕಡ್ಡಿ ಹಿಡಿದು ಬೀಸಿಕೊಂಡರೆ ತಂಪಾಗುತ್ತದೆಯೇ? ಗಾಳಿ ಕಡ್ಡಿಯ ಎರಡೂ ಪಕ್ಕದಿಂದ ಜಾರಿಕೊಂಡು ಹೋಗುತ್ತದೆ. ಅವ್ವ ಕಾಳು ಕೇರುವ ಮೊರ ಹಿಡಿದು ಬೀಸಿಕೊಳ್ಳಿ, ಗಾಳಿ ತಪ್ಪಿಸಿಕೊಳ್ಳಲಾರದು. ಚೌಡಕಿಯ ತಂತಿ ಆ ಕಡ್ಡಿಯಿದ್ದಂತೆ, ಚರ್ಮ ಮೊರವಿದ್ದಂತೆ. ತಂತಿ ತನ್ನ ನಡುಕವನ್ನು ಚರ್ಮಕ್ಕೆ ದಾಟಿಸುತ್ತದೆ, ಚರ್ಮ ಅಗಲವಾದ ಮೈಯಿಂದ ಗಾಳಿಯನ್ನು ನೂಕುತ್ತದೆ. ಕೊಳವೆಯೊಳಗಿನ ಗಾಳಿಯೂ ಜೊತೆಗೆ ನಡುಗಿ ದನಿಗೆ ತುಂಬುತನ ಕೊಡುತ್ತದೆ.

ಇಲ್ಲಿ ಒಂದು ಸೊಗಸಿದೆ. ಪಿಟೀಲಿನಲ್ಲಿ ತಂತಿ ಹಲಗೆಯ ಉದ್ದಕ್ಕೂ ಮಲಗಿರುತ್ತದೆ. ಚೌಡಕಿಯಲ್ಲಿ ಅದು ಚರ್ಮದಿಂದ ನೆಟ್ಟಗೆ ಎದ್ದು ಬರುತ್ತದೆ. ಮೀಟಿದಾಗ ತಂತಿ ಒಮ್ಮೆ ಎಡಕ್ಕೆ ಬಾಗುತ್ತದೆ, ಒಮ್ಮೆ ಬಲಕ್ಕೆ. ಎಡಕ್ಕೆ ಬಾಗಿದಾಗಲೂ ಅದು ಹಿಗ್ಗಬೇಕು, ಬಲಕ್ಕೆ ಬಾಗಿದಾಗಲೂ ಹಿಗ್ಗಬೇಕು. ಹಿಗ್ಗಿದಾಗಲೆಲ್ಲ ಚರ್ಮವನ್ನು ತನ್ನತ್ತ ಜಗ್ಗುತ್ತದೆ. ಅಂದರೆ ತಂತಿ ಒಂದು ಸಲ ಹೋಗಿಬರುವಷ್ಟರಲ್ಲಿ ಚರ್ಮಕ್ಕೆ ಎರಡು ಜಗ್ಗು! ತಂತಿಯ ಹಾಡು, ಡೊಳ್ಳಿನ ಬಡಿತ ಎರಡೂ ಕೂಡಿದಂಥ ಚೌಡಕಿಯ ದನಿ ಹುಟ್ಟುವುದು ತಂತಿ ಚರ್ಮಗಳ ಈ ಜಗ್ಗಾಟದಿಂದ.

ಕೈಯೊಳಗಿನ ತಕ್ಕಡಿ

ಇನ್ನು ರಾಗದ ಮಾತು. ತಂತಿಯನ್ನು ಬಿಗಿಯಾಗಿ ಎಳೆದರೆ ಅದು ಬೇಗ ಬೇಗ ನಡುಗುತ್ತದೆ, ಸ್ವರ ಏರುತ್ತದೆ. ಸಡಿಲ ಬಿಟ್ಟರೆ ನಿಧಾನ ನಡುಗುತ್ತದೆ, ಸ್ವರ ಇಳಿಯುತ್ತದೆ. ಎಷ್ಟು ಎಳೆದರೆ ಎಷ್ಟು ಏರುತ್ತದೆ ಎಂಬ ಲೆಕ್ಕವನ್ನು ಫ್ರಾನ್ಸಿನ ಮರ್ಸೆನ್ ಎಂಬವರು 1636ರಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಲೆಕ್ಕ ಹೀಗಿದೆ: ಸ್ವರವನ್ನು ಎರಡು ಪಟ್ಟು ಏರಿಸಬೇಕಾದರೆ ನಾಲ್ಕು ಪಟ್ಟು ಎಳೆಯಬೇಕು.

ಇದನ್ನು ಮನೆಯಲ್ಲೇ ನೋಡಬಹುದು. ಮೇಜಿನ ಒಂದು ಕಾಲಿಗೆ ಗಾಳದ ನೈಲಾನ್ ದಾರ ಕಟ್ಟಿ, ಮೇಜಿನ ಮೇಲಿಂದ ತಂದು ಆಚೆ ಕಡೆ ಇಳಿಬಿಡಿ. ಮೇಜಿನ ಮೇಲೆ ದಾರದ ಅಡಿಯಲ್ಲಿ ಎರಡು ಪೆನ್ಸಿಲ್ ದೂರ ದೂರ ಇಡಿ. ಇಳಿಬಿದ್ದ ತುದಿಗೆ ಕಾಲು ಲೀಟರ್ ನೀರಿನ ಬಾಟಲಿ ಕಟ್ಟಿ, ಪೆನ್ಸಿಲ್‌ಗಳ ನಡುವಿನ ದಾರವನ್ನು ಮೀಟಿ. ಆಮೇಲೆ ಅದೇ ದಾರಕ್ಕೆ ಒಂದು ಲೀಟರ್ ಬಾಟಲಿ ಕಟ್ಟಿ ಮೀಟಿ. ಮೊದಲಿನದು ಕೆಳಗಿನ ಸಾ ಆದರೆ ಈಗ ಕೇಳುವುದು ಹೆಚ್ಚುಕಡಿಮೆ ಮೇಲಿನ ಸಾ. ಪಕ್ಕದಲ್ಲಿ ದೊಡ್ಡವರು ಯಾರಾದರೂ ಇರಲಿ. ದಾರ ಹರಿದರೆ ಕಣ್ಣಿಗೆ ಬಡಿಯಬಾರದು, ಮುಖವನ್ನು ಹಿಂದಿಟ್ಟುಕೊಳ್ಳಿ.

ಈಗ ಅಜ್ಜಿಯ ಎಡಗೈಗೆ ಬನ್ನಿ. ಅವರ ಸಾ ಸ್ವರಕ್ಕೆ 1 ಕಿಲೋ ತೂಕದಷ್ಟು ಎಳೆತ ಬೇಕು ಎಂದಿಟ್ಟುಕೊಳ್ಳೋಣ. ಪ ಸ್ವರದ ನಡುಕ ಸಾ ಸ್ವರಕ್ಕಿಂತ ಒಂದೂವರೆ ಪಟ್ಟು. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿದರೆ ಎರಡೂಕಾಲು. ಹಾಗಾಗಿ ಪ ಬರಬೇಕಾದರೆ ಸುಮಾರು ಎರಡೂಕಾಲು ಕಿಲೋ ಎಳೆತ ಬೇಕು. ಮೇಲಿನ ಸಾ ಬರಬೇಕಾದರೆ 4 ಕಿಲೋ. ಒಂದು ಕಿಲೋ ಎಳೆಯುವಲ್ಲಿ ಬರೀ 120 ಗ್ರಾಂ ಹೆಚ್ಚಾಗಿಬಿಟ್ಟರೆ ಸ್ವರ ಹಾರ್ಮೋನಿಯಂನ ಪಕ್ಕದ ಮನೆಗೇ ಸರಿದುಹೋಗುತ್ತದೆ. 120 ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ದೊಡ್ಡ ಉಳ್ಳಾಗಡ್ಡಿಯ ತೂಕ!

ಅಜ್ಜಿ ಹಾಡುತ್ತಾರೆ, ತಾಳ ತಪ್ಪದೆ ಮೀಟುತ್ತಾರೆ, ಅದರ ಜೊತೆಗೇ ಇಷ್ಟು ಸೂಕ್ಷ್ಮವಾಗಿ ತೂಗುತ್ತಾರೆ. ಅವರ ಬಳಿ ತಕ್ಕಡಿ ಎಲ್ಲಿದೆ? ತೋಳಿನೊಳಗಿದೆ. ನಮ್ಮ ಸ್ನಾಯುಗಳು ಗಟ್ಟಿ ಹುರಿಯಂಥ ಕಟ್ಟುಗಳ ಮೂಲಕ ಎಲುಬಿಗೆ ಅಂಟಿಕೊಂಡಿರುತ್ತವೆ. ಆ ಕಟ್ಟುಗಳಲ್ಲಿ ಎಳೆತವನ್ನು ಅಳೆಯುವ ಪುಟ್ಟ ಪುಟ್ಟ ನರದ ತುದಿಗಳಿವೆ. ಅವು ‘ಇಷ್ಟು ಎಳೆತ ಬಿತ್ತು’ ಎಂದು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಕಿವಿ ‘ಸ್ವರ ಸ್ವಲ್ಪ ಇಳಿಯಿತು’ ಎನ್ನುತ್ತದೆ. ಮೆದುಳು ಎರಡನ್ನೂ ಕೂಡಿಸಿ ಕೈಗೆ ಆಜ್ಞೆ ಕೊಡುತ್ತದೆ. ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಇದು ಮುಗಿದಿರುತ್ತದೆ. ಈ ತಕ್ಕಡಿ ನಮ್ಮೆಲ್ಲರ ತೋಳಿನಲ್ಲೂ ಇದೆ. ಅದಕ್ಕೆ ರಾಗದ ತೂಕ ಗೊತ್ತಾಗಬೇಕಾದರೆ ಮಾತ್ರ ವರ್ಷಗಟ್ಟಲೆ ಅಭ್ಯಾಸ ಬೇಕು. ‘ಕೈಯಾಗ ಐತಿ’ ಎಂದರೆ ಇದೇ.

ಚೌಡಕಿಯ ನೆಂಟರು

ಚೌಡಕಿಗೆ ತುಂತುಣಿ ಎಂಬ ತಂಗಿಯಿದೆ. ಅದಕ್ಕೂ ಕೊಳವೆ, ಚರ್ಮ, ಒಂದೇ ತಂತಿ. ಆದರೆ ಕೊಳವೆಯ ಪಕ್ಕಕ್ಕೆ ಒಂದು ಕೋಲು ನಿಲ್ಲಿಸಿ, ಅದರ ತುದಿಯ ಗೂಟಕ್ಕೆ ತಂತಿ ಸುತ್ತಿರುತ್ತಾರೆ. ಗೂಟ ತಿರುವಿ ಒಮ್ಮೆ ಬಿಗಿ ಮಾಡಿದರೆ ಮುಗಿಯಿತು, ತುಂತುಣಿ ಬಿಡದೆ ಒಂದೇ ಸ್ವರ ಕೊಡುತ್ತಿರುತ್ತದೆ. ಹಾಡುವವರು ಆ ಸ್ವರಕ್ಕೆ ತಮ್ಮ ದನಿಯನ್ನು ಒರಗಿಸಿಕೊಳ್ಳುತ್ತಾರೆ.

ಮನೆಯಲ್ಲಿ ಮದುವೆಯಾದ ಮೇಲೆ ಗೋಂದಳ ಹಾಕಿಸುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ದೀವಟಿಗೆಯ ಬೆಳಕಿನಲ್ಲಿ ಗೋಂದಳಿಗರು ರಾತ್ರಿಯೆಲ್ಲ ದೇವಿಯ ಕಥೆ ಹಾಡುತ್ತಾರೆ. ಆಗ ತುಂತುಣಿಯ ಜೊತೆಗೆ ಸಂಬಾಳ ಇರುತ್ತದೆ. ಸಂಬಾಳ ಎಂದರೆ ಒಟ್ಟಿಗೆ ಕಟ್ಟಿದ ಒಂದು ಜೋಡಿ ಚರ್ಮವಾದ್ಯ. ಒಂದರ ಬಾಯಿ ದೊಡ್ಡದು, ಅದು ತಗ್ಗಿನ ದನಿಯಲ್ಲಿ ಗುಡುಗುತ್ತದೆ. ಇನ್ನೊಂದರ ಬಾಯಿ ಸಣ್ಣದು, ಬಿಗಿಯೂ ಹೆಚ್ಚು. ಅದು ಏರುದನಿಯಲ್ಲಿ ಮಾತಾಡುತ್ತದೆ. ಅಗಲವಾದ ಚರ್ಮ ನಿಧಾನ ನಡುಗುತ್ತದೆ, ಸಣ್ಣ ಬಿಗಿಯಾದ ಚರ್ಮ ಬೇಗ ನಡುಗುತ್ತದೆ. ತಂತಿಗೂ ಚರ್ಮಕ್ಕೂ ಬಿಗಿತ ಹೆಚ್ಚಿದಂತೆ ಸ್ವರ ಏರುವುದು ತಪ್ಪದು.

ಹೋಳಿ ಹುಣ್ಣಿಮೆಯಲ್ಲಿ ಹಲಗಿ ಬಾರಿಸುವವರು ನಡುನಡುವೆ ಅದನ್ನು ಬೆಂಕಿಗೆ ಹಿಡಿಯುವುದನ್ನು ಗಮನಿಸಿದ್ದೀರಾ? ಚರ್ಮ ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಸಡಿಲಾಗುತ್ತದೆ, ದನಿ ಮಂಕಾಗುತ್ತದೆ. ಬೆಂಕಿಯ ಕಾವಿಗೆ ತೇವ ಹಾರಿ ಚರ್ಮದ ಎಳೆಗಳು ಬಿಗಿದುಕೊಳ್ಳುತ್ತವೆ, ಹಲಗಿ ಮತ್ತೆ ‘ಕಣ್’ ಎನ್ನುತ್ತದೆ. ಎಷ್ಟು ಹೊತ್ತು ಹಿಡಿಯಬೇಕು ಎಂದು ಬಾರಿಸುವವರು ಗಡಿಯಾರ ನೋಡುವುದಿಲ್ಲ, ಬೆರಳಿನಿಂದ ತಟ್ಟಿ ನೋಡುತ್ತಾರೆ. ಇಲ್ಲೂ ಅಳತೆ ಕೈಯಲ್ಲೇ ಇದೆ.

ಇಂಥ ವಾದ್ಯಗಳ ಮುಂದೆ ದೊಡ್ಡ ವಿಜ್ಞಾನಿಯೊಬ್ಬರು ಕಿವಿಗೊಟ್ಟು ಕುಳಿತಿದ್ದರು. ಸರ್ ಸಿ. ವಿ. ರಾಮನ್ ಹಣಕಾಸು ಇಲಾಖೆಯ ನೌಕರಿ ಮಾಡುತ್ತ, ಉಳಿದ ಹೊತ್ತಿನಲ್ಲಿ ಪ್ರಯೋಗ ಮಾಡುತ್ತಿದ್ದ ಕಾಲವದು. 1909ರಲ್ಲಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಅವರು ಏಕತಾರಿ ಎಂಬ ಒಂಟಿ ತಂತಿಯ ವಾದ್ಯದ ಬಗ್ಗೆ ಒಂದು ಲೇಖನ ಬರೆದರು. ಮುಂದೆ 1920ರಲ್ಲಿ ನಮ್ಮ ಚರ್ಮವಾದ್ಯಗಳ ಬಗ್ಗೆ ಬರೆದರು. ಬರೀ ಚರ್ಮ ಬಡಿದರೆ ಏಳುವ ಹಲವು ನಡುಕಗಳು ಒಂದಕ್ಕೊಂದು ಹೊಂದುವುದಿಲ್ಲ. ತಬಲಾ, ಮೃದಂಗಗಳ ನಡುವೆ ಹಚ್ಚುವ ಕಪ್ಪು ಲೇಪ ಆ ನಡುಕಗಳನ್ನು ತಂತಿಯ ನಡುಕಗಳಂತೆ ಒಂದಕ್ಕೊಂದು ಹೊಂದಿಸುತ್ತದೆ ಎಂದು ತೋರಿಸಿಕೊಟ್ಟರು. ಬೆಳಕಿನ ಸಂಶೋಧನೆಗೆ 1930ರಲ್ಲಿ ನೊಬೆಲ್ ಬಹುಮಾನ ಪಡೆದು, 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದವರು ಇವರೇ. ಭಿಕ್ಷೆ ಬೇಡುತ್ತ ಹಾಡುವವರ ಕೈಯಲ್ಲಿದ್ದ ಒಂಟಿ ತಂತಿಯ ವಾದ್ಯವೂ ಅವರಿಗೆ ವಿಜ್ಞಾನದ ವಿಷಯವಾಗಿತ್ತು ಎಂಬುದನ್ನು ಮರೆಯಬೇಡಿ.

ನಿಮ್ಮದೇ ಚೌಡಕಿ

ಒಂದು ಗಟ್ಟಿ ಕಾಗದದ ಲೋಟ ತನ್ನಿ. ತಳದ ನಡುವೆ ಸೂಜಿಯಿಂದ ತೂತು ಮಾಡಿ. ಮೂರು ಅಡಿ ಗಟ್ಟಿ ದಾರವನ್ನು ಹೊರಗಿನಿಂದ ತೂರಿಸಿ, ಲೋಟದ ಬಾಯಿಂದ ಈಚೆಗೆ ಎಳೆಯಿರಿ. ತಳದ ಹೊರಗೆ ಉಳಿದ ತುದಿಗೆ ಅರ್ಧ ಬೆಂಕಿಕಡ್ಡಿ ಕಟ್ಟಿದರೆ ದಾರ ಜಾರಿ ಬರುವುದಿಲ್ಲ. ಈಚೆಯ ತುದಿಗೆ ಒಂದು ಪೆನ್ಸಿಲ್ ಕಟ್ಟಿ, ಅದೇ ಹಿಡಿಕೆ. ಈಗ ಲೋಟವನ್ನು ಎಡ ಕಂಕುಳಲ್ಲಿ ಮೆಲ್ಲಗೆ ಒತ್ತಿಕೊಂಡು, ಎಡಗೈಯಿಂದ ಪೆನ್ಸಿಲ್ ಎಳೆದು ಹಿಡಿದು, ಬಲಗೈಯಿಂದ ಮೀಟಿ. ಎಳೆಯಿರಿ, ಸಡಿಲಿಸಿ, ಮತ್ತೆ ಎಳೆಯಿರಿ. ನಿಮಗೆ ಗೊತ್ತಿರುವ ಯಾವುದಾದರೂ ಹಾಡಿನ ಮೊದಲ ಸಾಲನ್ನು ನುಡಿಸಲು ನೋಡಿ. ಮೊದಲ ದಿನ ಸ್ವರಗಳು ಅತ್ತಿತ್ತ ಓಡಿಹೋಗುತ್ತವೆ. ಹತ್ತು ದಿನ ಬಿಡದೆ ನುಡಿಸಿ, ಹತ್ತನೆಯ ದಿನ ನಿಮ್ಮ ಕೈಯೇ ಸ್ವರವನ್ನು ಹುಡುಕಿಕೊಂಡು ಹೋಗುವುದನ್ನು ಕಾಣುವಿರಿ.

ಕೈಯಿಂದ ಕೈಗೆ

ಈಗ ಒಂದು ಪ್ರಶ್ನೆ. ಚೌಡಕಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, ಕೆಳಗೆ ಹೆಸರು ಬರೆದರೆ ಅದು ಉಳಿಯಿತೇ?

ತಂಬೂರಿಯಾದರೆ ಅದರ ಅಳತೆ ಮರದಲ್ಲೇ ಸ್ವಲ್ಪ ಉಳಿದಿರುತ್ತದೆ. ಕಾಗವಾಡ ದಾಟಿದರೆ ಮಿರಜ. ಅಲ್ಲಿ ತಲೆಮಾರುಗಳಿಂದ ಸೋರೆ ಬುರುಡೆ ಒಣಗಿಸಿ ಸಿತಾರ, ತಂಬೂರಿ ಮಾಡುತ್ತಾರೆ. 2024ರಲ್ಲಿ ಅವಕ್ಕೆ ಭೌಗೋಳಿಕ ಸೂಚಿಯ ಗುರುತೂ ಸಿಕ್ಕಿತು. ಹಳೆಯ ಸಿತಾರಿನ ಮೆಟ್ಟಿಲುಗಳನ್ನು ನೋಡಿ ಸ್ವರಗಳು ಎಲ್ಲೆಲ್ಲಿದ್ದವು ಎಂದು ಊಹಿಸಬಹುದು. ಚೌಡಕಿಯಲ್ಲಿ ಅಂಥ ಗುರುತು ಒಂದೂ ಇಲ್ಲ. ಅದರ ಮೆಟ್ಟಿಲು, ಗೂಟ, ಮನೆ ಎಲ್ಲವೂ ನುಡಿಸುವವರ ತೋಳಿನಲ್ಲಿವೆ. ಆ ತೋಳು ಇನ್ನೊಂದು ತೋಳಿಗೆ ಕಲಿಸದೆ ಹೋದರೆ ಪೆಟ್ಟಿಗೆಯಲ್ಲಿ ಉಳಿಯುವುದು ಮರ, ಚರ್ಮ, ದಾರ ಅಷ್ಟೇ.

ಆದ್ದರಿಂದಲೇ ಕಲಿಸುವವರು ದೊಡ್ಡವರು. ನಮ್ಮ ನೆರೆಯ ಬಾಗಲಕೋಟೆಯಲ್ಲಿ ವೆಂಕಪ್ಪ ಅಂಬಾಜಿ ಸುಗತೇಕರ ಎಂಬ ಗೋಂದಳಿ ಹಾಡುಗಾರರಿದ್ದಾರೆ. ಸಾವಿರಕ್ಕೂ ಹೆಚ್ಚು ಗೋಂದಳಿ ಹಾಡುಗಳನ್ನು ಹಾಡಿದವರು. ನೂರಾರು ಜನರಿಗೆ ಒಂದು ಪೈಸೆ ಶುಲ್ಕ ತೆಗೆದುಕೊಳ್ಳದೆ ಕಲಿಸಿದವರು. 2025ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಆ ನೂರಾರು ಜನರ ಕಂಠ, ಕೈಗಳಲ್ಲಿ ಇಂದು ಗೋಂದಳಿ ಪದಗಳು ಬದುಕಿವೆ.

ದೂರದ ದಕ್ಷಿಣ ಆಫ್ರಿಕಾದ ಜುಲು ಜನರಲ್ಲೂ ಒಂಟಿ ತಂತಿಯ ವಾದ್ಯವಿದೆ. ಹೆಸರು ಉಗುಭು. ಬಾಗಿದ ಬಿಲ್ಲಿಗೆ ಒಂದು ತಂತಿ, ಕೆಳಗೆ ಒಂದು ಒಣಗಿದ ಸೋರೆ ಬುರುಡೆ. ತಂತಿಯನ್ನು ಹುಲ್ಲುಕಡ್ಡಿಯಿಂದ ತಟ್ಟುತ್ತ, ಬುರುಡೆಯ ಬಾಯಿಯನ್ನು ಎದೆಗೆ ಹತ್ತಿರ ತಂದು ದೂರ ಸರಿಸುತ್ತಾರೆ. ಅದರಿಂದ ಒಂದೇ ತಂತಿಯ ದನಿಯಲ್ಲಿ ಅಡಗಿದ ಬೇರೆ ಬೇರೆ ಸ್ವರಗಳು ಹೊರಗೆ ಬರುತ್ತವೆ. ಒಂದು ತಂಬಿಗೆಯ ಬಾಯಿಯ ಹತ್ತಿರ ‘ಆ’ ಎನ್ನುತ್ತ ಅಂಗೈಯಿಂದ ಅದನ್ನು ಅರ್ಧ ಮುಚ್ಚಿ ತೆರೆದು ನೋಡಿ, ದನಿಯ ಬಣ್ಣ ಬದಲಾಗುವುದು ನಿಮಗೂ ಕೇಳುತ್ತದೆ. ಜುಲು ರಾಜಕುಮಾರಿ ಕಾನ್‌ಸ್ಟನ್ಸ್ ಮಗೋಗೊ ಉಗುಭು ನುಡಿಸುವುದರಲ್ಲಿ ಹೆಸರಾಗಿದ್ದವರು. 1900ರಲ್ಲಿ ಹುಟ್ಟಿದ ಅವರು 1984ರಲ್ಲಿ ತೀರಿಕೊಂಡರು. ಅವರು ಹಾಡು, ವಾದ್ಯ ಕಲಿತದ್ದು ತಮ್ಮ ಅಜ್ಜಿಯರಿಂದ. ನೋಡಿದಿರಾ, ಅಲ್ಲೂ ಅಜ್ಜಿಯ ಕೈಯೇ ಶಾಲೆ.

ನಮ್ಮ ಚೌಡಕಿಗೆ ಒಂದು ನೋವಿನ ಕಥೆಯೂ ಅಂಟಿಕೊಂಡಿದೆ. ಅದನ್ನು ನಿಮಗೆ ಮುಚ್ಚಿಡಬಾರದು. ಹಿಂದೆ ನಮ್ಮ ಭಾಗದಲ್ಲಿ ಬಡ ಮನೆಗಳ ಹೆಣ್ಣುಮಕ್ಕಳನ್ನು ದೇವಿಗೆ ಬಿಡುವ ಪದ್ಧತಿಯಿತ್ತು. ಆ ಮಕ್ಕಳು ಬಹಳ ಕಷ್ಟಪಟ್ಟರು. ಅದು ತಪ್ಪು. ಕರ್ನಾಟಕ ಸರ್ಕಾರ 1982ರ ಕಾಯ್ದೆಯಿಂದ ಅದನ್ನು ನಿಷೇಧಿಸಿತು. ಚೌಡಕಿ ಕಲಿಯುವ ದಾರಿ ಬಹುಪಾಲು ಆ ಪದ್ಧತಿಯ ಜೊತೆಗೇ ಹೆಣೆದುಕೊಂಡಿತ್ತು. ಪದ್ಧತಿ ಹೋಗಲೇಬೇಕು, ವಾದ್ಯ ಮಾತ್ರ ಹೋಗಬಾರದು. ಹಾಗಾದರೆ ಹೊಸ ದಾರಿ ಬೇಕು. ಇಷ್ಟಪಟ್ಟು ಬಂದ ಯಾವ ಹುಡುಗ ಹುಡುಗಿಯೂ ಕಲಿಯಬಹುದಾದ, ಶಾಲೆಯ ಅಂಗಳದಲ್ಲಿ, ಊರ ಕಟ್ಟೆಯ ಮೇಲೆ ನಡೆಯುವ ಕಲಿಕೆ ಬೇಕು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜನಪದ ಕಲೆಗಳಿಗಾಗಿಯೇ ಒಂದು ವಿಶ್ವವಿದ್ಯಾಲಯವಿದೆ. ಆದರೆ ಅಷ್ಟು ದೂರ ಹೋಗುವ ಮೊದಲು ನಿಮ್ಮ ಓಣಿಯಲ್ಲೇ ಒಬ್ಬ ಗುರು ಇರಬಹುದು.

ಈ ಸಲ ಕೊಕಟನೂರಿಗೋ ಸವದತ್ತಿಗೋ ಜಾತ್ರೆಗೆ ಹೋದಾಗ, ಇಲ್ಲವೇ ನಿಮ್ಮ ಮನೆಯ ಮುಂದೆ ಚೌಡಕಿಯ ದನಿ ಕೇಳಿದಾಗ, ಓಡಿಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ಮೊದಲು ನೀರು ಕೊಡಿ. ಆಮೇಲೆ ನಿಮ್ಮ ಕಾಗದದ ಲೋಟದ ಚೌಡಕಿ ತೋರಿಸಿ. ‘ಆಯಿ, ನನಗೂ ಕಲಸ್ರಿ’ ಎನ್ನಿ. ಅವರು ತಮ್ಮ ಚೌಡಕಿಯನ್ನು ನಿಮ್ಮ ಕಂಕುಳಿಗೆ ಇಟ್ಟು, ನಿಮ್ಮ ಎಡಗೈಯ ಮೇಲೆ ತಮ್ಮ ಕೈಯಿಟ್ಟು ಎಳೆಯುತ್ತಾರೆ. ಎಷ್ಟು ಎಳೆದರೆ ಸಾ, ಇನ್ನೆಷ್ಟು ಎಳೆದರೆ ಪ ಎಂಬ ಲೆಕ್ಕ ಆಗ ಅವರ ಬೆರಳಿನಿಂದ ನಿಮ್ಮ ಬೆರಳಿಗೆ ಇಳಿಯುತ್ತದೆ.

ಡುಂವ್!

ಈಗ ಆ ರಾಗ ಎರಡು ಕೈಯಲ್ಲಿದೆ.